ಮುಖ ನೋಡದವರನ್ನು ನಂಬಿಸಿದ ಹರಾಜುಕಟ್ಟೆ: ಪಿಯರ್ ಒಮಿಡ್ಯಾರ್ ಕುರಿತು ಓದುಗರ ಪ್ರಶ್ನೆಗಳಿಗೆ ಉತ್ತರ

ಕಳೆದ ಸಂಚಿಕೆಯಲ್ಲಿ ತಿಪಟೂರು ಕೊಬ್ಬರಿ ಮಾರುಕಟ್ಟೆಯ ಆನ್‌ಲೈನ್ ಟೆಂಡರ್ ಬಗ್ಗೆ ಬಂದ ಪ್ರಶ್ನೆಗೆ ಉತ್ತರಿಸುವಾಗ, ಇಂಟರ್‌ನೆಟ್ಟಿನಲ್ಲಿಯೂ ಹರಾಜು ನಡೆಸಬಹುದೆಂದು ಜನಸಾಮಾನ್ಯರಿಗೆ ತೋರಿಸಿಕೊಟ್ಟ ಇಬೇ ಕಂಪನಿಯನ್ನೂ ಅದನ್ನು ಕಟ್ಟಿದ ಪಿಯರ್ ಒಮಿಡ್ಯಾರ್ ಅವರನ್ನೂ ಒಂದೇ ಸಾಲಿನಲ್ಲಿ ಹೆಸರಿಸಿ ಮುಂದೆ ಹೋಗಿದ್ದೆ. ಆ ಸಾಲನ್ನು ಹಿಡಿದು ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ ಜಿಲ್ಲೆಗಳಿಂದ ಪತ್ರಗಳು ಬಂದಿವೆ. ಹರಾಜು, ಮಂಡಿ, ಸಂಘದ ಸಾಲ ಇವುಗಳ ನಡುವೆಯೇ ಬದುಕುವ ನಮ್ಮ ಓದುಗರು ಕೇಳಿರುವ ಪ್ರಶ್ನೆಗಳು ಆ ಮನುಷ್ಯನ ಬದುಕಿನ ತಿರುಳನ್ನೇ ಮುಟ್ಟುವಂತಿರುವುದರಿಂದ, ಈ ಸಲದ ಅಂಕಣವನ್ನು ಪೂರ್ತಿಯಾಗಿ ಅವರಿಗೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಒಮಿಡ್ಯಾರ್ ಅವರನ್ನು ಕೆಲವರು ಫ್ರೆಂಚರು ಎನ್ನುತ್ತಾರೆ, ಕೆಲವರು ಇರಾನಿನವರು ಎನ್ನುತ್ತಾರೆ, ಪಠ್ಯಗಳಲ್ಲಿ ಅಮೆರಿಕದ ಉದ್ಯಮಿ ಎಂದಿರುತ್ತದೆ. ಯಾವುದು ಸರಿ? (ಪದವಿ ವಿದ್ಯಾರ್ಥಿನಿ, ಶಿರಾ)

ಉತ್ತರ: ಮೂರೂ ಸರಿ. ಅವರು ಹುಟ್ಟಿದ್ದು 1967ರ ಜೂನ್ 21ರಂದು, ಪ್ಯಾರಿಸ್ಸಿನಲ್ಲಿ. ತಂದೆ, ತಾಯಿ ಇಬ್ಬರೂ ಓದಿಗಾಗಿ ಇರಾನಿನಿಂದ ಫ್ರಾನ್ಸಿಗೆ ಹೋದವರು. ತಂದೆ ಶಸ್ತ್ರವೈದ್ಯರು, ತಾಯಿ ಭಾಷಾಶಾಸ್ತ್ರದ ವಿದ್ವಾಂಸರು. ಮಗನಿಗೆ ಆರು ವರ್ಷವಾಗಿದ್ದಾಗ, ತಂದೆಗೆ ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯಲ್ಲಿ ತರಬೇತಿ ವೈದ್ಯರ ಸ್ಥಾನ ದೊರೆತದ್ದರಿಂದ ಕುಟುಂಬ ಅಮೆರಿಕಕ್ಕೆ ಬಂತು. ಹೀಗೆ ಹೆತ್ತವರದು ಒಂದು ದೇಶ, ಹುಟ್ಟಿದ್ದು ಇನ್ನೊಂದು, ಬೆಳೆದದ್ದು ಮತ್ತೊಂದು.

ಕಂಪ್ಯೂಟರಿನ ಗೀಳು ಶಾಲೆಯಲ್ಲೇ ಹತ್ತಿತ್ತು. ಪ್ರೌಢಶಾಲೆಯ ದಿನಗಳಲ್ಲಿ ಗ್ರಂಥಾಲಯದ ಪುಸ್ತಕಸೂಚಿಯ ಕಾರ್ಡುಗಳನ್ನು ಅಚ್ಚುಹಾಕುವ ಪ್ರೋಗ್ರಾಂ ಬರೆದುಕೊಟ್ಟು ಗಂಟೆಗೆ 6 ಡಾಲರ್ ಸಂಪಾದಿಸಿದ್ದೇ ಅವರ ಮೊದಲ ಗಳಿಕೆ. 1988ರಲ್ಲಿ ಟಫ್ಟ್ಸ್ ವಿಶ್ವವಿದ್ಯಾಲಯದಿಂದ ಕಂಪ್ಯೂಟರ್ ವಿಜ್ಞಾನದಲ್ಲಿ ಪದವಿ ಪಡೆದರು. ಮುಂದೆ ಬಾಳಸಂಗಾತಿಯೂ ದಾನಕಾರ್ಯದಲ್ಲಿ ಸಮಪಾಲುದಾರರೂ ಆದ ಪ್ಯಾಮ್ ಅವರ ಪರಿಚಯವಾದದ್ದೂ ಅಲ್ಲಿಯೇ. ಆ ಬಳಿಕ ಆ್ಯಪಲ್ಲಿನ ಅಂಗಸಂಸ್ಥೆ ಕ್ಲಾರಿಸ್‌ನಲ್ಲಿ ಕೆಲಸ ಮಾಡಿದರು. 1991ರಲ್ಲಿ ಗೆಳೆಯರೊಂದಿಗೆ ಸೇರಿ, ಪೆನ್ನಿನಿಂದ ಬರೆಯಬಹುದಾದ ಕಂಪ್ಯೂಟರುಗಳಿಗೆ ತಂತ್ರಾಂಶ ಮಾಡುವ ಒಂದು ಕಂಪನಿ ತೆರೆದರು. ಆ ಕಲ್ಪನೆ ಕೈಗೂಡಲಿಲ್ಲ. ಕಂಪನಿ ಆನ್‌ಲೈನ್ ಅಂಗಡಿಯ ಕಡೆಗೆ ಹೊರಳಿ ಇಶಾಪ್ ಎಂಬ ಹೆಸರು ಪಡೆಯಿತು, 1996ರಲ್ಲಿ ಅದನ್ನು ಮೈಕ್ರೋಸಾಫ್ಟ್ ಕೊಂಡುಕೊಂಡಿತು.

ಪ್ರಶ್ನೆ: ನಾನು ಕೊಬ್ಬರಿ ವ್ಯಾಪಾರದವನು. ಕಾಯಿಯನ್ನು ಕೈಯಲ್ಲಿ ಹಿಡಿದು ನೋಡದೆ, ಮಾಲಿನವನ ಊರು, ಮನೆತನ ತಿಳಿಯದೆ ನಾವು ಹಣ ಬಿಚ್ಚುವುದಿಲ್ಲ. ಆ ಕಾಲದಲ್ಲಿ ಲಕ್ಷಾಂತರ ಜನ ಕಾಣದ ಮಾಲಿಗೆ, ಕಾಣದ ವ್ಯಕ್ತಿಗೆ ದುಡ್ಡು ಕಳಿಸಿದರೆಂದರೆ ನಂಬುವುದು ಹೇಗೆ? (ವರ್ತಕರು, ತಿಪಟೂರು)

ಉತ್ತರ: ಬಂದ ಪತ್ರಗಳಲ್ಲಿ ಅತಿ ಮುಖ್ಯವಾದ ಪ್ರಶ್ನೆ ಇದೇ ಎಂದು ನನಗನ್ನಿಸುತ್ತದೆ, ಏಕೆಂದರೆ ಒಮಿಡ್ಯಾರ್ ಅವರ ನಿಜವಾದ ಸಾಧನೆ ತಂತ್ರಾಂಶಕ್ಕಿಂತ ಹೆಚ್ಚಾಗಿ ಇಲ್ಲಿಯೇ ಇದೆ.

1995ರ ಸೆಪ್ಟೆಂಬರಿನಲ್ಲಿ, ಅಮೆರಿಕದ ಕಾರ್ಮಿಕ ದಿನದ ರಜೆಯಲ್ಲಿ, ಅವರು ಕ್ಯಾಲಿಫೋರ್ನಿಯಾದ ತಮ್ಮ ಮನೆಯಲ್ಲಿ ಕುಳಿತು ಮುಂದೆ ಇಬೇ ಎಂದು ಹೆಸರಾದ ಆಕ್ಷನ್‌ವೆಬ್ ಎಂಬ ಹರಾಜು ಪುಟವನ್ನು ಬರೆದು ಮುಗಿಸಿದರು. ಆಗ ಅವರು ಹಗಲಿನಲ್ಲಿ ಜನರಲ್ ಮ್ಯಾಜಿಕ್ ಎಂಬ ಕಂಪನಿಯ ಉದ್ಯೋಗಿ. ಹರಾಜು ಪುಟ ಅವರ ಖಾಸಗಿ ಜಾಲತಾಣದ ಒಂದು ಮೂಲೆಯಲ್ಲಿತ್ತು. ಅದೇ ತಾಣದಲ್ಲಿ ಎಬೋಲಾ ರೋಗದ ಮಾಹಿತಿಯ ಪುಟವೂ ಇತ್ತು. ಕೆಟ್ಟುಹೋಗಿದ್ದ ತಮ್ಮ ಲೇಸರ್ ಪಾಯಿಂಟರ್ ಒಂದನ್ನು, ಕೆಟ್ಟಿದೆ ಎಂದು ಬರೆದೇ ಹರಾಜಿಗಿಟ್ಟರು. ಅದು 14.83 ಡಾಲರಿಗೆ ಹೋಯಿತು. ಕೊಂಡವರು ತಪ್ಪು ತಿಳಿದಿರಬಹುದೆಂದು ಪತ್ರ ಬರೆದು ವಿಚಾರಿಸಿದರೆ, ಕೆಟ್ಟ ಲೇಸರ್ ಪಾಯಿಂಟರುಗಳನ್ನು ಸಂಗ್ರಹಿಸುವುದು ತನ್ನ ಹವ್ಯಾಸ ಎಂಬ ಉತ್ತರ ಬಂತು. ಯಾರಿಗೆ ಯಾವ ವಸ್ತು ಬೇಕೆಂದು ಮಾರುವವನು ಮೊದಲೇ ಊಹಿಸಲಾರ, ಇಬ್ಬರೂ ಭೇಟಿಯಾಗುವ ಜಾಗವೊಂದಿದ್ದರೆ ಸಾಕು ಎಂಬುದು ಆ ಮಾರಾಟದಿಂದಲೇ ತಿಳಿಯಿತು.

ಜನ ಬಂದಂತೆ ಜಗಳಗಳೂ ಬಂದವು. ಹಣ ಕಳಿಸಿದೆ ಮಾಲು ಬರಲಿಲ್ಲ, ಬಂದ ಮಾಲು ಹೇಳಿದಂತಿಲ್ಲ ಎಂಬ ದೂರುಗಳೆಲ್ಲ ಒಮಿಡ್ಯಾರ್ ಅವರ ಇಮೇಲಿಗೆ ಬರತೊಡಗಿದವು. ಹಗಲು ಕೆಲಸವಿರುವ ಒಬ್ಬ ಮನುಷ್ಯ ಇಷ್ಟು ಪಂಚಾಯಿತಿಗಳನ್ನು ಮಾಡಲಾರ. 1996ರ ಫೆಬ್ರುವರಿಯಲ್ಲಿ ಅವರು ಬಳಕೆದಾರರಿಗೆ ಒಂದು ಬಹಿರಂಗ ಪತ್ರ ಬರೆದು, ಹೆಚ್ಚಿನ ಜನ ಪ್ರಾಮಾಣಿಕರು, ಕೆಲವರು ಅಲ್ಲ, ಆದ್ದರಿಂದ ಒಳ್ಳೆಯ ವ್ಯವಹಾರ ಕಂಡರೆ ಎಲ್ಲರೆದುರು ಹೊಗಳಿ, ಕೆಟ್ಟದ್ದು ಕಂಡರೆ ಎಲ್ಲರೆದುರು ದೂರಿ ಎಂಬ ಅರ್ಥದ ಮಾತುಗಳೊಂದಿಗೆ ಅಭಿಪ್ರಾಯ ವೇದಿಕೆಯನ್ನು ತೆರೆದರು. ಪ್ರತಿ ವ್ಯವಹಾರ ಮುಗಿದ ಮೇಲೂ ಕೊಂಡವರು ಮಾರಿದವರಿಗೆ, ಮಾರಿದವರು ಕೊಂಡವರಿಗೆ ಪ್ಲಸ್, ಮೈನಸ್ ಅಥವಾ ತಟಸ್ಥ ಅಂಕ ಕೊಟ್ಟು ಒಂದು ಸಾಲು ಬರೆಯುವುದು; ಒಟ್ಟು ಅಂಕ ಅವರ ಹೆಸರಿನ ಪಕ್ಕದಲ್ಲೇ ಕಾಣುವುದು; ಮೈನಸ್ 4ಕ್ಕೆ ಇಳಿದವರನ್ನು ಹೊರಗಿಡುವುದು. ತಿಪಟೂರಿನಲ್ಲಿ ತಲೆಮಾರುಗಳಿಂದ ಬಾಯಿಂದ ಬಾಯಿಗೆ ಉಳಿದು ಬಂದ ಮಂಡಿಯ ಹೆಸರನ್ನು ಅವರು ಹೀಗೆ ಅಕ್ಷರಕ್ಕಿಳಿಸಿ, ಎಲ್ಲಿ ಕುಳಿತವರಿಗೂ ಕಾಣುವಂತೆ ಮಾಡಿದರು.

ಈ ಹೆಸರಿಗೆ ರೊಕ್ಕದ ಬೆಲೆ ಇದೆಯೇ ಎಂದು ಅಳೆದು ನೋಡಿದವರೂ ಇದ್ದಾರೆ. ಅಮೆರಿಕದ ಸಂಶೋಧಕ ಪಾಲ್ ರೆಸ್ನಿಕ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಹಳೆಯ ಅಂಚೆ ಕಾರ್ಡುಗಳ ಒಬ್ಬ ಅನುಭವಿ ವ್ಯಾಪಾರಿ ಒಂದೇ ಬಗೆಯ ಮಾಲನ್ನು ತನ್ನ ಹಳೆಯ ಹೆಸರಿನಲ್ಲೂ ಹೊಸದಾಗಿ ತೆರೆದ ಅಪರಿಚಿತ ಹೆಸರುಗಳಲ್ಲೂ ಮಾರಿದನು. ಹಳೆಯ ಹೆಸರಿಗೆ ಕೊಳ್ಳುವವರು ಸುಮಾರು 8 ಶೇಕಡಾ ಹೆಚ್ಚು ಬೆಲೆ ಕೊಡಲು ಸಿದ್ಧರಿದ್ದರು. ಮಾಲು ಅದೇ, ಕೈ ಅದೇ. ಹೆಚ್ಚಿನ ಬೆಲೆ ಬಂದದ್ದು ಹೆಸರಿಗೆ ಮಾತ್ರ.

ಆದರೆ ವ್ಯವಸ್ಥೆಯಲ್ಲಿ ಒಂದು ದೊಡ್ಡ ಕೊರತೆ ಇತ್ತು. ನೀನು ಮೈನಸ್ ಕೊಟ್ಟರೆ ನಾನೂ ಕೊಡುತ್ತೇನೆ ಎಂಬ ಬೆದರಿಕೆಗೆ ಹೆದರಿ, ಮೋಸ ಹೋದವರು ಸುಮ್ಮನಾಗತೊಡಗಿದರು. ಕಡೆಗೆ 2008ರಲ್ಲಿ ಮಾರುವವರು ಕೊಳ್ಳುವವರಿಗೆ ಮೈನಸ್ ಕೊಡುವ ಅವಕಾಶವನ್ನೇ ಇಬೇ ತೆಗೆದುಹಾಕಿತು. ಮಾರಾಟಗಾರರು ಬಹಳ ಕೋಪಗೊಂಡರು. ದೂರು ಹೇಳುವವನಿಗೆ ಭಯವಿದ್ದರೆ ದಾಖಲೆಯಲ್ಲಿರುವ ಒಳ್ಳೆಯ ಹೆಸರಿಗೆ ಅರ್ಥವಿರುವುದಿಲ್ಲ ಎಂಬ ಈ ಅಂಶವನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಕೋಲಾರದ ಸಹೋದರಿಯೊಬ್ಬರ ಪ್ರಶ್ನೆಗೆ ಉತ್ತರಿಸುವಾಗ ಇದು ಮತ್ತೆ ಬೇಕಾಗುತ್ತದೆ.

ಪ್ರಶ್ನೆ: ನಮ್ಮ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಈಗ ಇ-ಹರಾಜು ನಡೆಯುತ್ತದೆ. ಗೂಡಿನಿಂದ ನೂಲು ತೆಗೆಯುವ ರೀಲರುಗಳು ಬಂದು ಗೂಡು ನೋಡಿ, ಮೊಬೈಲಿನಲ್ಲಿ ಬೆಲೆ ಕೂಗುತ್ತಾರೆ. ಇಬೇ ಹರಾಜೂ ಇದೇ ತರಹವೇ? (ರೇಷ್ಮೆ ಬೆಳೆಗಾರರು, ಶಿಡ್ಲಘಟ್ಟ)

ಉತ್ತರ: ಒಂದು ಮುಖ್ಯ ವ್ಯತ್ಯಾಸವಿದೆ. ನಿಮ್ಮಲ್ಲಿ ರೀಲರು ಲಾಟಿನ ಮುಂದೆ ನಿಂತು, ಗೂಡನ್ನು ಬೆರಳಿನಲ್ಲಿ ಒತ್ತಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗಿನ ಹುಳುವಿನ ಸ್ಥಿತಿಯನ್ನು ಅಂದಾಜು ಮಾಡಿ ಆಮೇಲೆ ಬೆಲೆ ಹಾಕುತ್ತಾರೆ. ತೂಕ ನೋಡಲು ಸರ್ಕಾರಿ ಮಾರುಕಟ್ಟೆಯ ಸಿಬ್ಬಂದಿ ಇರುತ್ತಾರೆ. ಇಬೇಯಲ್ಲಿ ಈ ಎರಡೂ ಇರಲಿಲ್ಲ, ಆದ್ದರಿಂದಲೇ ಮೇಲೆ ಹೇಳಿದ ಅಂಕಗಳು ಬೇಕಾದವು.

ಬೆಲೆ ಏರುವ ರೀತಿಯೂ ಬೇರೆ. ಇಬೇಯಲ್ಲಿ ಹರಾಜು ದಿನಗಟ್ಟಲೆ ನಡೆಯುತ್ತದೆ. ಅಷ್ಟು ಹೊತ್ತು ಯಾರೂ ಕಾಯಲಾರರು. ಹಾಗಾಗಿ ಕೊಳ್ಳುವವನು ತಾನು ಕೊಡಬಲ್ಲ ಗರಿಷ್ಠ ಬೆಲೆಯನ್ನು ಗುಟ್ಟಾಗಿ ದಾಖಲಿಸಿದರೆ, ಅವನ ಪರವಾಗಿ ಕಂಪ್ಯೂಟರ್ ಅಗತ್ಯವಿದ್ದಷ್ಟೇ ಏರಿಸುತ್ತಾ ಹೋಗುತ್ತದೆ. ಒಬ್ಬರು 500, ಇನ್ನೊಬ್ಬರು 430 ಎಂದು ಬರೆದಿದ್ದು, ಏರಿಕೆಯ ಹೆಜ್ಜೆ 10 ಆಗಿದ್ದರೆ, ಮೊದಲನೆಯವರಿಗೆ ಮಾಲು 440ಕ್ಕೆ ಸಿಗುತ್ತದೆ. ಗೆದ್ದವನು ತನ್ನ ಬೆಲೆಯನ್ನಲ್ಲದೆ ಸೋತವನ ಬೆಲೆಯ ಆಸುಪಾಸನ್ನು ಕೊಡುವುದರಿಂದ, ಮನಸ್ಸಿನಲ್ಲಿದ್ದ ಬೆಲೆಯನ್ನು ಮುಚ್ಚಿಡುವ ಕಾರಣ ಯಾರಿಗೂ ಇರುವುದಿಲ್ಲ. ಈ ತತ್ತ್ವವನ್ನು ಅರ್ಥಶಾಸ್ತ್ರದಲ್ಲಿ ವಿವರಿಸಿದವರು ವಿಲಿಯಂ ವಿಕ್ರಿ. 1996ರಲ್ಲಿ ನೊಬೆಲ್ ಘೋಷಣೆಯಾದ ಕೆಲವೇ ದಿನಗಳಲ್ಲಿ ಅವರು ತೀರಿಕೊಂಡರು. ತಿಪಟೂರಿನ ಕೊಬ್ಬರಿ ಟೆಂಡರಿನಲ್ಲಾದರೆ ವರ್ತಕರು ಒಬ್ಬರಿಗೊಬ್ಬರು ಕಾಣದಂತೆ ಬೆಲೆ ನಮೂದಿಸುತ್ತಾರೆ, ಗೆದ್ದವರು ತಾವು ಬರೆದ ಬೆಲೆಯನ್ನೇ ಕೊಡುತ್ತಾರೆ. ಕೋಲಾರದ ಟೊಮೆಟೊ ಮಂಡಿಯಲ್ಲಿ ಬಾಕ್ಸುಗಳ ಸಾಲಿನ ಮುಂದೆ ಕೂಗುವ ಹರಾಜು ಮೂರನೆಯ ಬಗೆ. ಕೆಲವೇ ಗಂಟೆಗಳಲ್ಲಿ ಮೆತ್ತಗಾಗುವ ಹಣ್ಣಿಗೆ ದಿನಗಟ್ಟಲೆಯ ಹರಾಜು ಹೊಂದುವುದಿಲ್ಲ, ಆದ್ದರಿಂದ ಯಾವುದೋ ಒಂದು ಪದ್ಧತಿ ಎಲ್ಲಕ್ಕೂ ಶ್ರೇಷ್ಠ ಎಂದು ನಾನು ಹೇಳಲಾರೆ.

ಪ್ರಶ್ನೆ: ಹೆಂಡತಿ ಸಂಗ್ರಹಿಸುತ್ತಿದ್ದ ಮಿಠಾಯಿ ಡಬ್ಬಿಗಳಿಗಾಗಿ ಅವರು ಇಬೇ ಶುರುಮಾಡಿದರು ಎಂದು ಓದಿದ್ದೇನೆ. ನಿಜವೇ? (ಓದುಗರು, ಕೆಜಿಎಫ್)

ಉತ್ತರ: ನಿಜವಲ್ಲ. ಪ್ಯಾಮ್ ಅವರಿಗೆ ಪೆಜ್ ಮಿಠಾಯಿ ಡಬ್ಬಿಗಳ ಹವ್ಯಾಸ ಇದ್ದದ್ದು ಹೌದು, ಆದರೆ ಕಂಪನಿಯ ಹುಟ್ಟಿಗೆ ಅದನ್ನು ಜೋಡಿಸಿದ್ದು ಪತ್ರಕರ್ತರ ಗಮನ ಸೆಳೆಯಲೆಂದು ಕಂಪನಿಯ ಪ್ರಚಾರ ವಿಭಾಗ ಕಟ್ಟಿದ ಕಥೆ; ಮುಂದೆ ಅದನ್ನು ಒಪ್ಪಿಕೊಳ್ಳಲಾಯಿತು. ನಂಬಿಕೆಯನ್ನೇ ಬಂಡವಾಳ ಮಾಡಿಕೊಂಡ ಸಂಸ್ಥೆ ಹೀಗೆ ಮಾಡಬಾರದಿತ್ತು. ನಿಮ್ಮ ಊರಿನವರಿಗೆ ಹಿಡಿಸುವ ಇನ್ನೊಂದು ಸಂಗತಿ ಮಾತ್ರ ನಿಜ: ಅವರು ತಮ್ಮ ಸಲಹಾ ಸಂಸ್ಥೆಗೆ ಎಕೋ ಬೇ ಎಂಬ ಹೆಸರಿಟ್ಟಿದ್ದರು, ಜಾಲತಾಣಕ್ಕೆ ಆ ಹೆಸರು ಕೇಳಿದಾಗ ಕೆನಡಾದ ಚಿನ್ನದ ಗಣಿ ಕಂಪನಿಯೊಂದು ಅದನ್ನು ಆಗಲೇ ಪಡೆದಿತ್ತು, ಹಾಗಾಗಿ ಇಬೇ ಎಂದು ಮೊಟಕುಗೊಳಿಸಿದರು.

ಪ್ರಶ್ನೆ: ಅವರಿಗೆ ಅಷ್ಟು ಹಣ ಬಂದದ್ದು ಹೇಗೆ, ಅದನ್ನು ದಾನಕ್ಕೆ ತಿರುಗಿಸಿದ್ದು ಹೇಗೆ? (ಶಿಕ್ಷಕರು, ಗೌರಿಬಿದನೂರು)

ಉತ್ತರ: ಮೊದಲ ತಿಂಗಳುಗಳಲ್ಲಿ ಆಕ್ಷನ್‌ವೆಬ್ ಉಚಿತವಾಗಿತ್ತು. ಪುಟಕ್ಕೆ ಬರುವವರು ಹೆಚ್ಚಾದಾಗ ಇಂಟರ್‌ನೆಟ್ ಸೇವೆ ಕೊಡುತ್ತಿದ್ದ ಕಂಪನಿ ತಿಂಗಳ ಶುಲ್ಕವನ್ನು 30 ಡಾಲರಿನಿಂದ 250ಕ್ಕೆ ಏರಿಸಿತು. ಆ ಖರ್ಚನ್ನು ತುಂಬಿಕೊಳ್ಳಲು 1996ರ ಆರಂಭದಲ್ಲಿ ಅವರು ಮಾರಾಟವಾದ ಬೆಲೆಯಲ್ಲಿ ಸಣ್ಣ ಪಾಲನ್ನು ಕೇಳಿದರು. ಕೊಡದಿದ್ದರೆ ವಸೂಲಿ ಮಾಡುವ ದಾರಿ ಯಾವುದೂ ಇರಲಿಲ್ಲ. ಆದರೂ ಅಂಚೆಯಲ್ಲಿ ಲಕೋಟೆಗಳು ಬಂದವು: ಕೆಲವದರಲ್ಲಿ ಪುಟ್ಟ ಮೊತ್ತದ ಚೆಕ್, ಕೆಲವದರಲ್ಲಿ ರಟ್ಟಿನ ಕಾರ್ಡಿಗೆ ಟೇಪಿನಿಂದ ಅಂಟಿಸಿದ ಚಿಲ್ಲರೆ ನಾಣ್ಯಗಳು. ಲಕೋಟೆಗಳನ್ನು ಒಡೆಯಲು ಬಿಡುವಿಲ್ಲದಂತಾಗಿ ಒಬ್ಬರನ್ನು ಕೆಲಸಕ್ಕಿಟ್ಟುಕೊಳ್ಳಬೇಕಾಯಿತು. ಒಂದು ಉದ್ಯಮ ಕೈಹಿಡಿಯಿತೆಂದು ಹೇಳಲು ಇದಕ್ಕಿಂತ ಸ್ಪಷ್ಟವಾದ ಗುರುತು ಬೇಕಿಲ್ಲ.

ಅದೇ ವರ್ಷ ಕೆನಡಾದಿಂದ ಬಂದ ಜೆಫ್ ಸ್ಕಾಲ್ ಅಧ್ಯಕ್ಷರಾಗಿ ಸೇರಿದರು. 1997ರಲ್ಲಿ ಹೆಸರು ಇಬೇ ಆಯಿತು. 1998ರಲ್ಲಿ ಮೆಗ್ ವಿಟ್‌ಮನ್ ಮುಖ್ಯಾಧಿಕಾರಿಯಾದರು. ತಾನು ಕಟ್ಟಿದ್ದನ್ನು ತನಗಿಂತ ಚೆನ್ನಾಗಿ ನಡೆಸಬಲ್ಲವರ ಕೈಗೆ ಮೂವತ್ತರ ಹರೆಯದಲ್ಲೇ ಒಪ್ಪಿಸಿದ್ದು ಒಮಿಡ್ಯಾರ್ ಅವರ ಬಗ್ಗೆ ನನಗೆ ಅತ್ಯಂತ ಗೌರವ ತರುವ ಸಂಗತಿ. 1998ರ ಸೆಪ್ಟೆಂಬರ್ 24ರಂದು 18 ಡಾಲರಿನಂತೆ ಷೇರುಗಳು ಮಾರುಕಟ್ಟೆಗೆ ಬಂದವು. ದಿನದ ಕೊನೆಗೆ ಬೆಲೆ 47 ಡಾಲರ್ ದಾಟಿತ್ತು. 31 ವರ್ಷದ ಒಮಿಡ್ಯಾರ್ ನೂರು ಕೋಟಿ ಡಾಲರಿಗೆ ಮೀರಿದ ಆಸ್ತಿಯ ಒಡೆಯರಾದರು.

ಷೇರು ಬಿಡುಗಡೆಗೆ ಮುನ್ನವೇ ಕಂಪನಿಯ ಷೇರುಗಳಲ್ಲಿ ಒಂದಿಷ್ಟನ್ನು ಇಬೇ ಪ್ರತಿಷ್ಠಾನಕ್ಕೆ ತೆಗೆದಿಡಲಾಗಿತ್ತು. ದಂಪತಿಗಳು ತಮ್ಮದೇ ಪ್ರತಿಷ್ಠಾನವನ್ನೂ 1998ರಲ್ಲಿ ತೆರೆದರು. ಆದರೆ ಬರೀ ಅನುದಾನ ಹಂಚುವುದು ಅವರಿಗೆ ಸಾಲದೆನಿಸಿತು. ಲಾಭ ಗಳಿಸುವ ಕಂಪನಿಯಾಗಿದ್ದುಕೊಂಡೇ ಇಬೇ ಲಕ್ಷಾಂತರ ಸಣ್ಣ ಮಾರಾಟಗಾರರಿಗೆ ದಾರಿ ಮಾಡಿಕೊಟ್ಟಿದೆ, ಅಷ್ಟು ಜನರನ್ನು ಅನುದಾನದಿಂದ ತಲುಪಲು ಆಗುತ್ತಿರಲಿಲ್ಲ ಎಂಬುದು ಅವರ ವಾದ. ಹಾಗಾಗಿ 2004ರಲ್ಲಿ ಕಟ್ಟಿದ ಒಮಿಡ್ಯಾರ್ ನೆಟ್‌ವರ್ಕ್‌ಗೆ ಎರಡು ಕೈಗಳಿದ್ದವು: ಒಂದು ಲಾಭರಹಿತ ಸಂಸ್ಥೆಗಳಿಗೆ ಅನುದಾನ ಕೊಡುವುದು, ಇನ್ನೊಂದು ಸಮಾಜಕ್ಕೆ ಉಪಯುಕ್ತವೆಂದು ಕಂಡ ಕಂಪನಿಗಳಲ್ಲಿ ಬಂಡವಾಳ ಹೂಡುವುದು. ನಮ್ಮ ಕಡೆಗೆ ಬಂದರೆ, ನಗರಾಡಳಿತದ ಸುಧಾರಣೆಗೆ ದುಡಿಯುವ ಬೆಂಗಳೂರಿನ ಜನಾಗ್ರಹ ಸಂಸ್ಥೆಗೆ ಸಿಕ್ಕ ನೆರವು ಮೊದಲ ಕೈಯದು. ಕನ್ನಡದ ಸುದ್ದಿಯನ್ನೂ ಮೊಬೈಲಿಗೆ ತರುವ ಡೈಲಿಹಂಟ್‌ನಲ್ಲಿ ಹೂಡಿದ ಬಂಡವಾಳ ಎರಡನೆಯದು. 2010ರಲ್ಲಿ, ಸಂಪತ್ತಿನ ಬಹುಪಾಲನ್ನು ದಾನಕ್ಕೆ ಕೊಡುವುದಾಗಿ ಸಿರಿವಂತರು ಮಾಡುವ ಗಿವಿಂಗ್ ಪ್ಲೆಜ್ ಎಂಬ ಪ್ರತಿಜ್ಞೆಗೆ ಮೊದಲಿಗೆ ಸಹಿ ಹಾಕಿದವರ ಸಾಲಿನಲ್ಲಿ ಈ ದಂಪತಿಗಳೂ ಇದ್ದರು.

ಪ್ರಶ್ನೆ: ಬಡವರಿಗೆ ಸಾಲ ಕೊಡಿಸಲು ಅವರು ನೂರು ಮಿಲಿಯನ್ ಡಾಲರ್ ಕೊಟ್ಟರೆಂದು ನನ್ನ ಮಗ ಓದಿ ಹೇಳಿದ. ನಮ್ಮ ಬೀದಿಯಲ್ಲಿ ಮೈಕ್ರೋ ಫೈನಾನ್ಸ್ ಎಂದರೆ ವಾರದ ಕಂತಿಗೆ ಬಾಗಿಲಲ್ಲಿ ಬಂದು ಕೂರುವವರು ಎಂದೇ ಅರ್ಥ. ಇದನ್ನು ದಾನ ಎನ್ನುವುದು ಹೇಗೆ? (ಸ್ತ್ರೀಶಕ್ತಿ ಸಂಘದ ಸದಸ್ಯೆ, ಕೋಲಾರ)

ಉತ್ತರ: ತಾಯಿ, ನಿಮ್ಮ ಪ್ರಶ್ನೆಗೆ ನೇರವಾಗಿಯೇ ಉತ್ತರಿಸುತ್ತೇನೆ. 2005ರಲ್ಲಿ ಒಮಿಡ್ಯಾರ್ ದಂಪತಿಗಳು ತಾವು ಓದಿದ ಟಫ್ಟ್ಸ್ ವಿಶ್ವವಿದ್ಯಾಲಯಕ್ಕೆ 10 ಕೋಟಿ ಡಾಲರ್ ಕೊಟ್ಟದ್ದು, ಆ ಹಣವನ್ನು ಬಡ ದೇಶಗಳ ಕಿರುಸಾಲ (ಮೈಕ್ರೋ ಫೈನಾನ್ಸ್) ಸಂಸ್ಥೆಗಳಲ್ಲಿ ಹೂಡಬೇಕೆಂಬ ಷರತ್ತು ಹಾಕಿದ್ದು ಎರಡೂ ನಿಜ. ಆಸ್ತಿ ಅಡವಿಲ್ಲದ ಹೆಣ್ಣುಮಗಳನ್ನೂ ನಂಬಿ ಸಾಲ ಕೊಡಬಹುದು, ಅವಳು ತೀರಿಸುತ್ತಾಳೆ, ಲಾಭ ಬಂದರೆ ಹೆಚ್ಚು ಬಂಡವಾಳ ಬಂದು ಇನ್ನೂ ಹೆಚ್ಚು ಜನರಿಗೆ ಸಾಲ ಸಿಗುತ್ತದೆ ಎಂಬುದು ಅವರ ಲೆಕ್ಕ. ಇಬೇಯಲ್ಲಿ ಕಂಡ ನಂಬಿಕೆಯನ್ನೇ ಅವರು ಇಲ್ಲಿಗೂ ತಂದರು. ಬಡವರ ಸಾಲದಿಂದ ದೊಡ್ಡ ಲಾಭ ತೆಗೆಯುವುದನ್ನು ಬಾಂಗ್ಲಾದೇಶದ ಗ್ರಾಮೀಣ ಬ್ಯಾಂಕಿನ ಮುಹಮ್ಮದ್ ಯೂನಸ್ ಬಹಿರಂಗವಾಗಿ ವಿರೋಧಿಸಿದರು. ಈ ಚರ್ಚೆ ವರ್ಷಗಟ್ಟಲೆ ನಡೆಯಿತು.

ಚರ್ಚೆಯ ಪರಿಣಾಮವನ್ನು ನಿಮ್ಮ ಊರು ಬೇಗನೆ ಕಂಡಿತು. 2009ರಲ್ಲಿ ಕೋಲಾರದಲ್ಲಿ ಹಲವು ಕಂಪನಿಗಳಿಂದ ಒಂದರ ಮೇಲೊಂದು ಸಾಲ ಪಡೆದಿದ್ದ ಮಹಿಳೆಯರು, ಅವರಲ್ಲಿ ಅನೇಕರು ರೇಷ್ಮೆ ಕೆಲಸದವರು, ಒಟ್ಟಾಗಿ ಕಂತು ನಿಲ್ಲಿಸಿದರು. ಸ್ಥಳೀಯ ಸಮುದಾಯ ಸಂಘಟನೆಯೊಂದೂ ಕಂತು ಕಟ್ಟಬೇಡಿ ಎಂದು ಕರೆ ಕೊಟ್ಟಿತು. ಮರುವರ್ಷ ಅಕ್ಟೋಬರಿನಲ್ಲಿ ಆಂಧ್ರಪ್ರದೇಶ ಸರ್ಕಾರ ಕಿರುಸಾಲ ಕಂಪನಿಗಳಿಗೆ ಕಡಿವಾಣ ಹಾಕುವ ಸುಗ್ರೀವಾಜ್ಞೆ ತಂದಾಗ ಇಡೀ ದೇಶದ ಕಿರುಸಾಲ ಉದ್ಯಮವೇ ಅಲುಗಾಡಿತು.

ನನ್ನ ತೀರ್ಮಾನ ಇಷ್ಟು. ಬಡವರನ್ನು ನಂಬಬಹುದೆಂಬ ಒಮಿಡ್ಯಾರ್ ಅವರ ಮಾತು ಸರಿ. ಆದರೆ ಇಬೇಯಲ್ಲಿ ಕೊಳ್ಳುವವನೂ ಮಾರುವವನ ಮೇಲೆ ಎಲ್ಲರೆದುರು ಅಂಕ ಬರೆಯಬಹುದಿತ್ತು, ಕೆಟ್ಟವನನ್ನು ಬಿಟ್ಟು ಬೇರೆಯವನಲ್ಲಿಗೆ ಹೋಗಬಹುದಿತ್ತು. ಕಿರುಸಾಲದಲ್ಲಿ ಅಂಕ ಬರೆಯುವುದು ಸಾಲ ಕೊಟ್ಟವರು ಮಾತ್ರ: ಒಂದು ಕಂತು ತಪ್ಪಿದರೆ ಅದು ಸಾಲಗಾರಳ ಕ್ರೆಡಿಟ್ ದಾಖಲೆಗೆ ಹೋಗುತ್ತದೆ, ಗುಂಪಿನ ಉಳಿದವರ ಮುಂದೆ ಅವಳ ಮರ್ಯಾದೆ ಹೋಗುತ್ತದೆ, ಬಾಗಿಲಲ್ಲಿ ಕೂತು ಬೈದವನ ಬಗ್ಗೆ ಅವಳು ಎಲ್ಲಿಯೂ ಬರೆಯಲಾರಳು. 2008ರಲ್ಲಿ ಇಬೇ ಸರಿಪಡಿಸಿದ ಕೊರತೆ ಇದೇ. ಸಾಲದ ವ್ಯವಹಾರದಲ್ಲಿ ಅದನ್ನು ಹೂಡಿಕೆದಾರರು ತಾವಾಗಿ ಸರಿಪಡಿಸಲಿಲ್ಲ, ಸರ್ಕಾರಗಳೂ ರಿಸರ್ವ್ ಬ್ಯಾಂಕೂ ಕೈಹಾಕಬೇಕಾಯಿತು.

ಆ ನಿಯಮಗಳನ್ನು ನಿಮ್ಮ ಸಂಘದ ಸಭೆಯಲ್ಲಿ ಓದಿ ಹೇಳಿ. 2022ರ ಏಪ್ರಿಲಿನಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕಿನ ನಿಯಮದಂತೆ, ವರ್ಷಕ್ಕೆ 3 ಲಕ್ಷ ರೂಪಾಯಿವರೆಗೆ ಆದಾಯವಿರುವ ಕುಟುಂಬಕ್ಕೆ ಅಡವಿಲ್ಲದೆ ಕೊಡುವ ಸಾಲವೇ ಕಿರುಸಾಲ. ಎಲ್ಲ ಸಾಲಗಳ ಕಂತು ಸೇರಿ ಕುಟುಂಬದ ತಿಂಗಳ ಆದಾಯದ ಅರ್ಧವನ್ನು ಮೀರಬಾರದು. ವಸೂಲಿಗಾರರು ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ನಂತರ ಸಂಪರ್ಕಿಸಬಾರದು. ರಿಸರ್ವ್ ಬ್ಯಾಂಕಿನ ಅಧೀನದಲ್ಲಿರುವ ಸಂಸ್ಥೆಯ ಮೇಲಿನ ದೂರಿನ ಬಗ್ಗೆ 14448 ಸಂಖ್ಯೆಗೆ ಕರೆಮಾಡಿ ಮಾಹಿತಿ ಪಡೆಯಬಹುದು. ಬಲವಂತದ ವಸೂಲಿಯ ವಿರುದ್ಧ ಕರ್ನಾಟಕ ಸರ್ಕಾರ 2025ರ ಫೆಬ್ರುವರಿಯಲ್ಲಿ ಹೊರಡಿಸಿದ ಸುಗ್ರೀವಾಜ್ಞೆ 10 ವರ್ಷದವರೆಗೆ ಸೆರೆವಾಸ, 5 ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶ ಕೊಟ್ಟಿತು; ಅದೇ ವರ್ಷ ಅದರ ಜಾಗಕ್ಕೆ ಕಾಯ್ದೆ ಬಂತು. ಪೊಲೀಸ್ ಠಾಣೆಗೆ ಒಬ್ಬರೇ ಹೋಗದೆ ಸಂಘದವರು ಜೊತೆಯಾಗಿ ಹೋಗಿ.

ಪ್ರಶ್ನೆ: ಸರ್ಕಾರಗಳ ಗುಟ್ಟು ಬಯಲು ಮಾಡುವ ಪತ್ರಿಕೆಗೂ ಅವರು ಹಣ ಹಾಕಿದ್ದರಂತೆ. ಈಗ ಏನು ಮಾಡುತ್ತಿದ್ದಾರೆ, ಭಾರತದಲ್ಲಿ ಇನ್ನೂ ಇದ್ದಾರೆಯೇ? (ಪತ್ರಿಕೋದ್ಯಮ ವಿದ್ಯಾರ್ಥಿ, ತುಮಕೂರು)

ಉತ್ತರ: ಹವಾಯಿಯ ಹೊನೊಲುಲುವಿನಲ್ಲಿ ನೆಲೆಸಿದ ಅವರು 2010ರಲ್ಲಿ ಅಲ್ಲಿನ ಆಡಳಿತದ ಮೇಲೆ ಕಣ್ಣಿಡುವ ಸಿವಿಲ್ ಬೀಟ್ ಎಂಬ ಸುದ್ದಿಸಂಸ್ಥೆಯನ್ನು ತೆರೆದರು. 2013ರಲ್ಲಿ, ಅಮೆರಿಕ ಸರ್ಕಾರದ ಗುಪ್ತ ಕಣ್ಗಾವಲನ್ನು ಬಯಲಿಗೆಳೆದ ಎಡ್ವರ್ಡ್ ಸ್ನೋಡನ್ ಅವರ ದಾಖಲೆಗಳು ಹೊರಬಿದ್ದ ಮೇಲೆ, ಆ ವರದಿಗಳನ್ನು ಬರೆದ ಗ್ಲೆನ್ ಗ್ರೀನ್‌ವಾಲ್ಡ್, ಲಾರಾ ಪೋಯ್ಟ್ರಸ್ ಮತ್ತು ಅವರೊಡನೆ ಪತ್ರಕರ್ತ ಜೆರೆಮಿ ಸ್ಕೇಹಿಲ್ ಅವರನ್ನು ಸೇರಿಸಿಕೊಂಡು ಹೊಸ ಮಾಧ್ಯಮ ಸಂಸ್ಥೆಗೆ 25 ಕೋಟಿ ಡಾಲರ್ ಕೊಡುವುದಾಗಿ ಪ್ರಕಟಿಸಿದರು. 2014ರ ಫೆಬ್ರುವರಿಯಲ್ಲಿ ಆ ಸಂಸ್ಥೆಯ ಆನ್‌ಲೈನ್ ಪತ್ರಿಕೆ ದಿ ಇಂಟರ್‌ಸೆಪ್ಟ್ ಹೊರಬಂತು. ಒಬ್ಬನೇ ಸಿರಿವಂತನ ಹಣದಲ್ಲಿ ನಡೆಯುವ ಪತ್ರಿಕೆ ಅವನು ಕೈಬಿಟ್ಟ ದಿನ ಏನಾಗುತ್ತದೆ ಎಂಬ ಪ್ರಶ್ನೆ ಮೊದಲಿನಿಂದಲೂ ಇತ್ತು. 2023ರಲ್ಲಿ ಅದು ಪ್ರತ್ಯೇಕ ಲಾಭರಹಿತ ಸಂಸ್ಥೆಯಾಗಿ ಬೇರೆಯಾಯಿತು, ಓದುಗರ ದೇಣಿಗೆಯನ್ನು ಹೆಚ್ಚಾಗಿ ನೆಚ್ಚಬೇಕಾಯಿತು. ನೀವು ಈ ವೃತ್ತಿಗೆ ಬರುವವರಾದ್ದರಿಂದ ಆ ಸಂಸ್ಥೆಯ ಹಾದಿಯನ್ನು ಗಮನವಿಟ್ಟು ಓದಬೇಕೆಂದು ನನ್ನ ಆಸೆ.

ಭಾರತದಲ್ಲಿ ಅವರ ಎರಡು ಗುರುತುಗಳೂ ಅಳಿಯುತ್ತಿವೆ. 2004ರಲ್ಲಿ ಬಾಝೀ ಎಂಬ ದೇಶೀ ಹರಾಜು ತಾಣವನ್ನು ಕೊಂಡು ಬಂದ ಇಬೇ ಇಂಡಿಯಾ, 2017ರಲ್ಲಿ ಫ್ಲಿಪ್‌ಕಾರ್ಟ್ ಕೈಸೇರಿ 2018ರ ಆಗಸ್ಟಿನಲ್ಲಿ ಮುಚ್ಚಿತು. ಒಮಿಡ್ಯಾರ್ ನೆಟ್‌ವರ್ಕ್ ಇಂಡಿಯಾ ಇನ್ನು ಹೊಸ ಹೂಡಿಕೆ ಮಾಡುವುದಿಲ್ಲ, 2025ರ ಕೊನೆಯೊಳಗೆ ಕೆಲಸವನ್ನು ಹಂತಹಂತವಾಗಿ ಮುಗಿಸುತ್ತೇವೆ ಎಂದು 2024ರ ಡಿಸೆಂಬರಿನಲ್ಲಿ ತಿಳಿಸಿತು. ಒಮಿಡ್ಯಾರ್ ಸ್ವತಃ 2015ರಲ್ಲಿ ಇಬೇ ಆಡಳಿತ ಮಂಡಳಿಯ ಅಧ್ಯಕ್ಷಸ್ಥಾನವನ್ನೂ, 2020ರಲ್ಲಿ ಮಂಡಳಿಯ ಸದಸ್ಯತ್ವವನ್ನೂ ಬಿಟ್ಟರು.